ಕೊಂಡ ಬೋಲ್ಟು, ಕೊರೆದ ತೂತು

ವಿಮಾನಕ್ಕೆ ಬಳಸುವ ಕಾಲಿಂಚಿನ ಬೋಲ್ಟೊಂದನ್ನು ಬೆಳಕಿಗೆ ಹಿಡಿದು ಅದರ ತಲೆ ನೋಡಿ. ಆರು ಮೂಲೆಯ ಆ ಪುಟ್ಟ ತಲೆಯ ಮೇಲೆ ಗುಣಾಕಾರದ ಚಿಹ್ನೆಯೋ ನಕ್ಷತ್ರವೋ ಅನ್ನಿಸುವಂಥ ಗುರುತು, ಪಕ್ಕದಲ್ಲಿ ತಯಾರಿಸಿದ ಕಂಪನಿಯ ಒಂದೆರಡು ಅಕ್ಷರ, ಮೈಮೇಲೆಲ್ಲ ಕ್ಯಾಡ್ಮಿಯಂ ಲೇಪನದ ಮಾಸಲು ಹೊಂಬಣ್ಣ. ಆ ಗುರುತು ಸುಮ್ಮನೆ ಹಾಕಿದ್ದಲ್ಲ. ಈ ಉಕ್ಕು ಪ್ರತಿ ಚದರ ಇಂಚಿಗೆ ಕನಿಷ್ಠ 1,25,000 ಪೌಂಡ್ ಎಳೆತ ತಾಳುತ್ತದೆ ಎಂಬ ಖಾತರಿ ಅದು. ಕಾಲಿಂಚಿನ ಬೋಲ್ಟಿನ ಲೆಕ್ಕಕ್ಕೆ ಬಂದರೆ ಉದ್ದಕ್ಕೆ ಎಳೆದಾಗ 4,080 ಪೌಂಡ್, ಅಂದರೆ ಸುಮಾರು 1,850 ಕಿಲೊ. ಅಡ್ಡಕ್ಕೆ ಕತ್ತರಿಸಹೋದರೆ 3,680 ಪೌಂಡ್. ಗ್ಯಾರೇಜಿನಲ್ಲಿ ಕಟ್ಟುವ ಇಬ್ಬರು ಕೂರುವ ವಿಮಾನ ಇಂಧನ, ಜನ ಎಲ್ಲ ಸೇರಿ ಸಾಮಾನ್ಯವಾಗಿ ಏಳೆಂಟು ನೂರು ಕಿಲೊ ತೂಗುತ್ತದೆ. ಬರೀ ತೂಕದ ಲೆಕ್ಕದಲ್ಲಿ ಅಂಥ ಎರಡು ವಿಮಾನಗಳನ್ನು ಈ ಒಂದೇ ಬೋಲ್ಟಿಗೆ ತೂಗುಹಾಕಬಹುದು.

ಇಷ್ಟು ಗಟ್ಟಿ ವಸ್ತುವಿನ ಬಗ್ಗೆ ವಿಮಾನ ಕಟ್ಟುವವರು ಯಾಕೆ ಇಷ್ಟೊಂದು ತಲೆಕೆಡಿಸಿಕೊಳ್ಳುತ್ತಾರೆ? ಬೋಲ್ಟು ಹೋಗಿ ಕೂರುವ ತೂತನ್ನು ನೋಡಿದರೆ ಗೊತ್ತಾಗುತ್ತದೆ. ಬೋಲ್ಟು ಕಾರ್ಖಾನೆಯಲ್ಲಿ ತಯಾರಾಗಿ, ಪರೀಕ್ಷೆ ಮುಗಿಸಿಕೊಂಡು, ಕಾಗದಪತ್ರದ ಸಮೇತ ಬರುತ್ತದೆ. ತೂತನ್ನು ಮಾತ್ರ ಕಟ್ಟುವವನೇ ತನ್ನ ಕೈಯಿಂದ ಕೊರೆಯಬೇಕು. ಬೋಲ್ಟು ಒಳಗೆ ಹೋಗಿ ಕೂತ ಮೇಲೆ ಆ ತೂತಿನ ಗೋಡೆ ಹೇಗಿದೆ ಎಂದು ಯಾರಿಗೂ ಕಾಣುವುದಿಲ್ಲ, ಕೊರೆದವನಿಗೆ ಮಾತ್ರ ಗೊತ್ತಿರುತ್ತದೆ. ಮನೆಯಲ್ಲಿ ಕಟ್ಟಿದ ವಿಮಾನವನ್ನು ಎಷ್ಟು ನಂಬಬಹುದು ಎಂದು ಯಾರಾದರೂ ಕೇಳಿದರೆ, ಎಂಜಿನ್ ಯಾವುದು, ವೇಗ ಎಷ್ಟು ಎನ್ನುವುದಕ್ಕಿಂತ ಮೊದಲು ರೆಕ್ಕೆಯ ಬೋಲ್ಟುಗಳ ತೂತನ್ನು ಹೇಗೆ ಹಾಕಿದರು ಎಂದು ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಗ್ಯಾರೇಜಿನಿಂದ ಆಕಾಶಕ್ಕೆ

ಈ ಹವ್ಯಾಸ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಮಿನೆಸೋಟಾ ರಾಜ್ಯದ ಚೆರ್ರಿ ಗ್ರೋವ್ ಎಂಬ ಪುಟ್ಟ ಊರಿನಲ್ಲಿ ಬರ್ನಾರ್ಡ್ ಪೀಟೆನ್‌ಪೋಲ್ 1920ರ ದಶಕದ ಕೊನೆಗೆ ಮರದ ವಿಮಾನವೊಂದನ್ನು ಕಟ್ಟಿ, ಅದಕ್ಕೆ ಫೋರ್ಡ್ ಕಾರಿನ ಎಂಜಿನ್ ಕೂರಿಸಿ ಹಾರಿಸಿದರು. 'ಏರ್ ಕ್ಯಾಂಪರ್' ಎಂಬ ಆ ವಿಮಾನದ ನಕ್ಷೆ ತರಿಸಿಕೊಂಡು ಜನ ಇವತ್ತಿಗೂ ಕಟ್ಟುತ್ತಿದ್ದಾರೆ. 1953ರ ಜನವರಿ 26ರಂದು ಪಾಲ್ ಪೊಬೆರೆಜ್ನಿ ಮಿಲ್ವಾಕಿಯಲ್ಲಿ ಇಂಥ ಹವ್ಯಾಸಿಗಳನ್ನು ಒಟ್ಟುಗೂಡಿಸಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಟ್ಟಿದರು. ಮೊದಲ ವರ್ಷಗಳಲ್ಲಿ ಸಂಸ್ಥೆಯ ಕಚೇರಿ ಎಂದರೆ ಅವರ ಮನೆಯ ನೆಲಮಾಳಿಗೆ. 1970ರಿಂದ ಅದರ ವಾರ್ಷಿಕ ಜಾತ್ರೆ ವಿಸ್ಕಾನ್ಸಿನ್‌ನ ಆಶ್‌ಕಾಶ್‌ನಲ್ಲಿ ನಡೆಯುತ್ತಿದೆ. ಒರೆಗಾನ್‌ನ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1970ರ ದಶಕದಲ್ಲಿ ಆರಂಭಿಸಿದ 'ಆರ್‌ವಿ' ಸರಣಿಯ ಕಿಟ್ಟುಗಳಿಂದಲೇ ಹನ್ನೊಂದು ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಅಲ್ಲಿನ ಕಾನೂನು ಕೇಳುವುದು ಮುಖ್ಯವಾಗಿ ಒಂದನ್ನು: ಕೆಲಸದ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ, ಕಲಿಕೆಗೋ ಖುಷಿಗೋ ಮಾಡಿರಬೇಕು.

ನಮಗೂ ಇದು ತೀರ ಹೊಸದಲ್ಲ. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪನಿಯ 'ಎಕ್ಸ್-ಏರ್' ಕಿಟ್ಟುಗಳು ಫ್ರಾನ್ಸ್, ಬ್ರಿಟನ್, ಅಮೆರಿಕದವರೆಗೆ ಹೋಗಿವೆ. ಅಲ್ಯೂಮಿನಿಯಂ ಕೊಳವೆಗಳನ್ನು ಬೋಲ್ಟುಗಳಿಂದ ಜೋಡಿಸಿ, ಮೇಲೆ ಬಟ್ಟೆ ಹೊದಿಸಿದ ಸರಳ ವಿಮಾನ ಅದು. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ರೂಪಿಸಿದ 'ಲಾಂಗ್-ಈಝಿ'ಯನ್ನು ಆಧರಿಸಿ ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್ 1980ರ ದಶಕದಲ್ಲಿ ಒಂದು ಸಂಶೋಧನಾ ವಿಮಾನವನ್ನೇ ಕಟ್ಟಿ ಹಾರಿಸಿತು. ಮುಂಬೈಯಲ್ಲಿ ಪೈಲಟ್ ಅಮೋಲ್ ಯಾದವ್ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ 2017ರಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನೋಂದಣಿ ಸಿಕ್ಕಿತು.

ಎಸ್‌ಜೆಪಿ ರಸ್ತೆಯ ಬೋಲ್ಟು ಸಾಲದೇ?

ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋಗಿ ಹೈಟೆನ್ಸೈಲ್ ಬೋಲ್ಟು ಕೇಳಿದರೆ ತಲೆಯ ಮೇಲೆ 8.8 ಅಥವಾ 10.9 ಎಂದು ಬರೆದಿರುವುದನ್ನು ಕೊಡುತ್ತಾರೆ. 8.8 ಎಂದರೆ ಸುಮಾರು 800 ಮೆಗಾಪಾಸ್ಕಲ್ ಎಳೆತ ತಾಳುವ ಉಕ್ಕು, 10.9 ಎಂದರೆ ಸಾವಿರದ ಮೇಲೆ. ವಿಮಾನದ ಬೋಲ್ಟಿನ 1,25,000 ಪೌಂಡನ್ನು ಇದೇ ಅಳತೆಗೆ ತಂದರೆ ಸುಮಾರು 860. ಅಂದರೆ ಅಂಗಡಿಯ 8.8 ಅದರ ಹತ್ತಿರಹತ್ತಿರಕ್ಕೆ ಬರುತ್ತದೆ, 10.9 ಅದನ್ನು ಮೀರಿಸುತ್ತದೆ. ಅಮೆರಿಕದಲ್ಲೂ ಕಾರಿನ 'ಗ್ರೇಡ್ 8' ಬೋಲ್ಟು 1,50,000 ಪೌಂಡ್ ತಾಳುತ್ತದೆ. ಹೊಸಬರು ಇಲ್ಲೇ ಕೇಳುವುದು: ಇನ್ನೂ ಗಟ್ಟಿಯಾದದ್ದು, ಕೈಗೆ ಸಿಗುವಂಥದ್ದು ಇರುವಾಗ ವಿಮಾನದ ಬೋಲ್ಟೇ ಯಾಕೆ?

ಪ್ರಶ್ನೆ ಸರಿಯಾಗಿಯೇ ಇದೆ, 'ನಿಯಮ ಹಾಗಿದೆ' ಎಂದು ಬಾಯಿಮುಚ್ಚಿಸುವುದು ಉತ್ತರವಲ್ಲ. ಗಡಸುತನ ಹೆಚ್ಚಿದಷ್ಟೂ ಉಕ್ಕು ಬಗ್ಗುವ ಗುಣ ಕಳೆದುಕೊಳ್ಳುತ್ತದೆ. ವಿಮಾನದ ಬೋಲ್ಟು ಅತಿಭಾರ ಬಿದ್ದಾಗ ಥಟ್ಟನೆ ತುಂಡಾಗುವ ಮೊದಲು ಸ್ವಲ್ಪ ಬಾಗಿ, ಹಿಗ್ಗಿ ಸೂಚನೆ ಕೊಡಲಿ ಎಂಬ ಲೆಕ್ಕಾಚಾರದಲ್ಲಿ ಅದರ ಗಡಸುತನವನ್ನು ಮಧ್ಯದಲ್ಲಿ ಇರಿಸಿದ್ದಾರೆ. ಬಹಳ ಗಡಸು ಬೋಲ್ಟಿಗೆ ವಿದ್ಯುತ್ ಲೇಪನ ಮಾಡುವಾಗ ಹೈಡ್ರೋಜನ್ ಒಳಗೆ ಸೇರಿಕೊಂಡು, ಬಿಗಿ ಮಾಡಿದ ಕೆಲವು ಗಂಟೆಗಳೋ ದಿನಗಳೋ ಆದ ಮೇಲೆ ಯಾರೂ ಮುಟ್ಟದೆಯೇ ತಲೆ ಹಾರಿಹೋಗುವುದುಂಟು. ಎರಡನೆಯದು ಅಳತೆ. ಕಾಲಿಂಚಿನ ವಿಮಾನದ ಬೋಲ್ಟಿನ ಮೈ 0.249 ಇಂಚು, ಅದಕ್ಕಿಂತ ಇಂಚಿನ ಸಾವಿರದಲ್ಲಿ ಮೂರು ಭಾಗ ಕಡಿಮೆ ಇರಬಹುದು, ಹೆಚ್ಚು ಇರುವಂತಿಲ್ಲ. ಇನ್ನೂ ಬಿಗಿ ಅಳತೆ ಬೇಕಾದ ಕಡೆ ತಲೆಯ ಮೇಲೆ ತ್ರಿಕೋನದ ಗುರುತಿರುವ ಬೋಲ್ಟು ಬೇರೆಯೇ ಇದೆ. ಅಂಗಡಿಯ ಬೋಲ್ಟಿಗೆ ಇಷ್ಟು ಕಟ್ಟುನಿಟ್ಟು ಬೇಕಾಗಿಲ್ಲ, ಅದರ ಕೆಲಸವೇ ಬೇರೆ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ತಲೆಯ ಮೇಲಿನ ಗುರುತನ್ನು ನಂಬಬಹುದೇ? 1980ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಗ್ರೇಡ್ 8 ಎಂದು ಗುರುತು ಹಾಕಿದ ಕಳಪೆ ಬೋಲ್ಟುಗಳು ರಾಶಿರಾಶಿಯಾಗಿ ಬಂದವು. ಹೊರಗಿನಿಂದ ನೋಡಿದರೆ ಅಸಲಿಗೂ ನಕಲಿಗೂ ವ್ಯತ್ಯಾಸವೇ ಇಲ್ಲ, ಬಿಸಿ ತಗಲಿದಾಗ ಮಾತ್ರ ನಕಲಿಯ ಬಲ ಇಳಿದುಹೋಗುತ್ತಿತ್ತು. ಗಲಾಟೆ ಎಷ್ಟಾಯಿತೆಂದರೆ 1990ರಲ್ಲಿ ಅಲ್ಲಿನ ಸಂಸತ್ತು ಬೋಲ್ಟು-ನಟ್ಟುಗಳ ಗುಣಮಟ್ಟಕ್ಕೆಂದೇ ಒಂದು ಕಾಯ್ದೆ ಮಾಡಬೇಕಾಯಿತು. ವಿಮಾನದ ಬೋಲ್ಟಿಗೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ಉಕ್ಕಿನ ಬೆಲೆ ಸ್ವಲ್ಪವೇ. ಉಳಿದದ್ದು ಆ ಉಕ್ಕು ಯಾವ ಕಾರ್ಖಾನೆಯ ಯಾವ ಪಾಕದಿಂದ ಬಂತು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗಲು ಬೇಕಾದ ದಾಖಲೆಯ ಬೆಲೆ. ನಮ್ಮವರು ಆ ದುಡ್ಡಿನ ಮೇಲೆ ಸಾಗಣೆ, ಸುಂಕ ಎಲ್ಲ ತೆತ್ತು ತರಿಸಿಕೊಳ್ಳಬೇಕು. ಭಾರವೇ ಹೌದು. ಆದರೂ ವಿಮಾನದಲ್ಲಿ ಉಳಿತಾಯ ಮಾಡಲು ಬೇರೆ ನೂರು ಜಾಗಗಳಿವೆ. ಆಸನದ ಬಟ್ಟೆಯಲ್ಲಿ ಮಾಡಬಹುದು, ಬಣ್ಣದಲ್ಲಿ ಮಾಡಬಹುದು.

ನಮ್ಮ ಕಡೆ ಕಟ್ಟುವವರಿಗೆ ಇನ್ನೊಂದು ಅಪಾಯವೂ ಇದೆ, ಅದನ್ನು ಅಮೆರಿಕದ ಪುಸ್ತಕಗಳು ಒತ್ತಿ ಹೇಳುವುದಿಲ್ಲ. ನಮ್ಮ ಅಂಗಡಿಗಳೆಲ್ಲ ಮಿಲಿಮೀಟರಿನವು, ವಿಮಾನದ ಬೋಲ್ಟು ಇಂಚಿನದು. ವಿಮಾನದ ಅತಿ ಸಣ್ಣ ಬೋಲ್ಟಿನ ವ್ಯಾಸ 4.83 ಮಿ.ಮೀ., ಇಂಚಿಗೆ 32 ಥ್ರೆಡ್ಡು, ಅಂದರೆ ಒಂದರಿಂದ ಇನ್ನೊಂದಕ್ಕೆ 0.794 ಮಿ.ಮೀ. ಅಂತರ. ಅಂಗಡಿಯ 5 ಮಿ.ಮೀ. ನಟ್ಟಿನ ಅಂತರ 0.8. ಎರಡನ್ನೂ ಜೋಡಿಸಿದರೆ ಸರಾಗವಾಗಿ ಹೋಗುತ್ತದೆ, ಬಿಗಿಯೂ ಆದಂತೆ ಅನ್ನಿಸುತ್ತದೆ. ಆದರೆ ಥ್ರೆಡ್ಡುಗಳು ಒಂದನ್ನೊಂದು ಕಚ್ಚಿರುವುದು ತುದಿಯಲ್ಲಷ್ಟೇ. ಒಂದೇ ಬೆಂಚಿನ ಮೇಲೆ ಎರಡೂ ಜಾತಿಯ ನಟ್ಟುಗಳ ಡಬ್ಬಿ ಇರಲೇಕೂಡದು.

ಸಂಖ್ಯೆ ಓದುವ ಬಗೆ

ಹೆಚ್ಚಿನ ಹವ್ಯಾಸಿ ವಿಮಾನಗಳಲ್ಲಿ ಬಳಕೆಯಾಗುವ ಬೋಲ್ಟುಗಳ ಹೆಸರು 'ಎಎನ್' ಎಂದು ಶುರುವಾಗುತ್ತದೆ. ಅಮೆರಿಕದ ಆರ್ಮಿ ಮತ್ತು ನೇವಿ ತಮ್ಮ ವಿಮಾನಗಳಿಗೆ ಒಂದೇ ಬಗೆಯ ಸಾಮಾನು ಇರಲಿ ಎಂದು ಮಾಡಿಕೊಂಡ ಮಾನಕ ಅದು. ಎಎನ್4-12ಎ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಾಲ್ಕು ಎಂದರೆ ಇಂಚಿನ ಹದಿನಾರನೇ ನಾಲ್ಕು ಭಾಗ ದಪ್ಪ, ಅಂದರೆ ಕಾಲಿಂಚು. ಹನ್ನೆರಡು ಉದ್ದಕ್ಕೆ ಸಂಬಂಧಿಸಿದ್ದು, ಆದರೆ ಅದನ್ನು ಹನ್ನೆರಡು ಎಂದು ಓದಿದರೆ ಕೆಟ್ಟಿತು. ಒಂದು ಇಂಚು, ಮೇಲೆ ಎಂಟನೇ ಎರಡು ಭಾಗ ಎಂದು ಬಿಡಿಸಿ ಓದಬೇಕು: ಸುಮಾರು ಒಂದೂಕಾಲು ಇಂಚು. ಈ ಲೆಕ್ಕದಲ್ಲಿ 7 ಆದ ಮೇಲೆ ಬರುವುದು 10. ಎಂಟು, ಒಂಬತ್ತು ಇಲ್ಲವೇ ಇಲ್ಲ. ಕೊನೆಯ 'ಎ' ಇದ್ದರೆ ಬೋಲ್ಟಿನ ತುದಿಯಲ್ಲಿ ಸ್ಪ್ಲಿಟ್ ಪಿನ್ನಿನ ತೂತು ಇಲ್ಲ. ಅಕ್ಷರವೇ ಇಲ್ಲದಿದ್ದರೆ ತೂತು ಇದೆ. ನಾಲ್ಕರ ಪಕ್ಕದಲ್ಲಿ 'ಎಚ್' ಬಂದರೆ ತಲೆಯಲ್ಲಿ ತಂತಿ ಪೋಣಿಸುವ ತೂತಿದೆ ಎಂದು ತಿಳಿಯಬೇಕು.

ಉದ್ದಕ್ಕಿಂತ ಮುಖ್ಯವಾದದ್ದು ಗ್ರಿಪ್, ಅಂದರೆ ತಲೆಯ ಕೆಳಗೆ ಥ್ರೆಡ್ಡಿಲ್ಲದ ನುಣುಪು ಮೈ ಎಷ್ಟುದ್ದ ಇದೆ ಎಂಬುದು. ಜೋಡಿಸುವ ತುಂಡುಗಳ ಒಟ್ಟು ದಪ್ಪ ಪೂರ್ತಿಯಾಗಿ ಆ ನುಣುಪು ಮೈಯ ಮೇಲೆಯೇ ಕೂರಬೇಕು. ಥ್ರೆಡ್ಡು ತೂತಿನೊಳಕ್ಕೆ ಬಂತೆಂದರೆ ಎರಡು ನಷ್ಟ. ಕಾಲಿಂಚಿನ ಬೋಲ್ಟನ್ನು ಥ್ರೆಡ್ಡಿನ ಬುಡದಲ್ಲಿ ಅಳೆದರೆ ಉಳಿಯುವ ಉಕ್ಕು ಪೂರ್ಣ ಮೈಯ ಮೂರನೇ ಎರಡರಷ್ಟು ಮಾತ್ರ, ಅಡ್ಡ ಬಲ ತಾಳುವ ಶಕ್ತಿಯೂ ಅಷ್ಟಕ್ಕೇ ಇಳಿಯುತ್ತದೆ. ಜೊತೆಗೆ ವಿಮಾನ ಅದುರಿದಾಗಲೆಲ್ಲ ಆ ಚೂಪು ಏಣುಗಳು ಅರದಂತೆ ತೂತಿನ ಗೋಡೆಯನ್ನು ತಿನ್ನುತ್ತವೆ.

ಒಂದು ಲೆಕ್ಕ ಮಾಡಿಯೇ ನೋಡೋಣ. ಮುಕ್ಕಾಲಿಂಚು ದಪ್ಪದ ಸ್ಪ್ರೂಸ್ ಮರದ ತೊಲೆ, ಅದರ ಎರಡೂ ಬದಿಗೆ ಹದಿನಾರನೇ ಒಂದು ಇಂಚಿನ ಉಕ್ಕಿನ ಪಟ್ಟಿ. ಒಟ್ಟು ದಪ್ಪ 7/8 ಇಂಚು. ಎಎನ್4-12ರ ಗ್ರಿಪ್ 13/16 ಇಂಚು. ಹದಿನಾರನೇ ಒಂದು ಭಾಗ ಸಾಲದು, ಆಚೆ ಬದಿಯ ಪಟ್ಟಿ ಪೂರ್ತಿ ಥ್ರೆಡ್ಡಿನ ಮೇಲೆ ಕೂರುತ್ತದೆ. ಎಎನ್4-13ರ ಗ್ರಿಪ್ 15/16. ಹದಿನಾರನೇ ಒಂದು ಹೆಚ್ಚು. ಕಾಲಿಂಚಿನ ಬೋಲ್ಟಿಗೆ ಬರುವ ಎಎನ್960-416 ವಾಷರಿನ ದಪ್ಪವೂ ಹದಿನಾರನೇ ಒಂದೇ. ನಟ್ಟಿನ ಕೆಳಗೆ ಆ ವಾಷರ್ ಒಂದನ್ನು ಹಾಕಿದರೆ ಎಲ್ಲ ಸರಿಹೋಯಿತು. ಅರ್ಧ ದಪ್ಪದ ವಾಷರೂ ಸಿಗುತ್ತದೆ, ಹಾಗಾಗಿ ಎಂಥ ದಪ್ಪಕ್ಕೂ ಹೊಂದಿಸಿಕೊಳ್ಳಬಹುದು. ಆದರೆ ನಾಲ್ಕೈದು ವಾಷರ್ ಪೇರಿಸಿ ಉದ್ದದ ಬೋಲ್ಟನ್ನು ಒಪ್ಪಿಸುವುದು ಸೋಮಾರಿತನ. ಇನ್ನೊಂದು ಅಳತೆಯ ಬೋಲ್ಟು ತರಿಸಬೇಕು, ಅದು ಬರುವವರೆಗೆ ಬೇರೆ ಕೆಲಸ ಮಾಡಬೇಕು.

ಈ ಅಳತೆಯ ವಿಷಯವನ್ನು ಕಣ್ಣಂದಾಜಿಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ವಿಮಾನಯಾನದಲ್ಲೇ ಉದಾಹರಣೆ ಇದೆ. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್ 5390 ವಿಮಾನ 17,300 ಅಡಿ ಏರಿದ್ದಾಗ ಕ್ಯಾಪ್ಟನ್ ಎದುರಿನ ಗಾಜು ಕಿತ್ತು ಹಾರಿಹೋಯಿತು. ಗಾಳಿಯ ಸೆಳೆತಕ್ಕೆ ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅವರ ಅರ್ಧ ದೇಹ ಹೊರಗೆ ಹೋಯಿತು. ಕ್ಯಾಬಿನ್ ಸಿಬ್ಬಂದಿ ಅವರನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದರು. ಸಹಪೈಲಟ್ ಅಲಸ್ಟೇರ್ ಆಚಿಸನ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು, ಕ್ಯಾಪ್ಟನ್ ಕೂಡ ಬದುಕಿ ಮತ್ತೆ ಕೆಲಸಕ್ಕೆ ಬಂದರು. ತನಿಖೆ ನಡೆದಾಗ ಗೊತ್ತಾದದ್ದು: ಹಿಂದಿನ ದಿನವಷ್ಟೇ ಆ ಗಾಜನ್ನು ಬದಲಿಸಿದ್ದರು, ಹೊಸದಾಗಿ ಹಾಕಿದ 90 ಬೋಲ್ಟುಗಳಲ್ಲಿ 84 ಬೋಲ್ಟುಗಳ ವ್ಯಾಸ ಇರಬೇಕಾದ್ದಕ್ಕಿಂತ 0.026 ಇಂಚು ಕಡಿಮೆ ಇತ್ತು. ಮುಕ್ಕಾಲು ಮಿಲಿಮೀಟರೂ ಇಲ್ಲ. ಕೆಲಸ ಮಾಡಿದವರು ಅನುಭವಿ. ಬಿಡಿಭಾಗಗಳ ಪಟ್ಟಿಯನ್ನು ನೋಡದೆ, ಬಿಚ್ಚಿದ ಹಳೆಯ ಬೋಲ್ಟನ್ನು ಪಕ್ಕದಲ್ಲಿ ಹಿಡಿದು ಕಣ್ಣಿನಿಂದ ಹೋಲಿಸಿ ಹೊಸದನ್ನು ಆರಿಸಿಕೊಂಡಿದ್ದರು. ಆ ಹಳೆಯ ಬೋಲ್ಟುಗಳೇ ನಿಗದಿಗಿಂತ ಗಿಡ್ಡ ಇದ್ದವು. ಉಗ್ರಾಣದವರು ಸರಿಯಾದ ಸಂಖ್ಯೆ ಹೇಳಿದ್ದರೂ, ಇಷ್ಟು ವರ್ಷ ಇದೇ ತಡೆದಿದೆಯಲ್ಲ ಎಂಬ ನಂಬಿಕೆ ಗೆದ್ದಿತ್ತು.

ಗ್ಯಾರೇಜಿನಲ್ಲಿ ಉಗ್ರಾಣದವರೂ ಇರುವುದಿಲ್ಲ. ಸಂಖ್ಯೆ ಬರೆದ ಪೊಟ್ಟಣದಿಂದ ಹೊರಬಿದ್ದ ಬೋಲ್ಟು ಮರುಕ್ಷಣವೇ ಅನಾಥ. ಪ್ರತಿ ಅಳತೆಗೂ ಹೆಸರು ಬರೆದ ಬೇರೆ ಡಬ್ಬಿ, ಕೈಗೆಟಕುವಲ್ಲಿ ಒಂದು ವರ್ನಿಯರ್, ನಕ್ಷೆಯ ಸಂಖ್ಯೆಯನ್ನು ನೋಡಿಯೇ ಬೋಲ್ಟು ತೆಗೆಯುವ ಅಭ್ಯಾಸ, ಇಷ್ಟಿದ್ದರೆ ಅರ್ಧ ಅಪಾಯ ಕಳೆಯಿತು.

ತೂತು

ಚಪ್ಪಟೆ ಲೋಹದ ಪಟ್ಟಿಯಲ್ಲಿ ದುಂಡಗೆ ಒಂದು ತೂತು ಹಾಕಿ ಎಳೆದರೆ ತೂತಿನ ಅಂಚಿನಲ್ಲಿ ಲೋಹಕ್ಕೆ ಬೀಳುವ ಒತ್ತಡ ಉಳಿದ ಕಡೆಗಿಂತ ಮೂರು ಪಟ್ಟು ಎಂದು ಜರ್ಮನಿಯ ಎಂಜಿನಿಯರ್ ಕಿರ್ಷ್ 1898ರಲ್ಲೇ ಲೆಕ್ಕಹಾಕಿ ತೋರಿಸಿದರು. ಅದು ಗಾಜಿನಂತೆ ನುಣುಪಾದ, ಚೊಕ್ಕ ದುಂಡಗಿನ ತೂತಿನ ಮಾತು. ಅದರ ಗೋಡೆಯಲ್ಲಿ ಒಂದು ಗೀರು ಇದ್ದರೆ ಆ ಮೂರು ಪಟ್ಟಿನ ಮೇಲೆ ಗೀರಿನ ಪಾಲು ಬೇರೆ ಸೇರುತ್ತದೆ. ರೆಕ್ಕೆ ಪ್ರತಿ ಗಾಳಿಯ ಹೊಡೆತಕ್ಕೂ ಬಾಗಿ ಮರಳುತ್ತದೆ, ಸಾವಿರ ಸಲ, ಲಕ್ಷ ಸಲ. ಲೋಹದ ಆಯಾಸದ ಬಿರುಕು ಹುಟ್ಟುವುದು ಹೆಚ್ಚಾಗಿ ಇಂಥ ಗೀರಿನಲ್ಲೇ.

ಇದು ಪುಸ್ತಕದ ಭಯವಲ್ಲ. ಆರ್‌ವಿ ಕಿಟ್ಟುಗಳನ್ನು ಮಾಡುವ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ಬೇಡಿಕೆ ಪೂರೈಸಲು ತಗಡುಗಳಲ್ಲಿ ತೂತು ಹಾಕುವ ಕೆಲಸವನ್ನು ಸ್ವಲ್ಪ ಕಾಲ ಲೇಸರಿಗೆ ಒಪ್ಪಿಸಿತು. ಲೇಸರ್ ಸುತ್ತು ಹೊಡೆದು ಮುಗಿಸುವ ಜಾಗದಲ್ಲಿ ಅಂಚು ಒರಟಾಗಿ ಉಳಿಯಿತು. ರಿವೆಟಿನ ತಲೆ ಕೂರಲೆಂದು ತಗಡನ್ನು ಅದುಮಿದಾಗ ಅಲ್ಲೇ ಬಿರುಕು ಬಿಟ್ಟಿತು. ಕಟ್ಟುವವರ ಗ್ಯಾರೇಜುಗಳಿಗೆ ಹೋಗಿದ್ದ ಅಪಾರ ಬಿಡಿಭಾಗಗಳನ್ನು ಬದಲಿಸಿಕೊಡಬೇಕಾದ ಹೊರೆ ಉಳಿದ ಹಣಕಾಸಿನ ತೊಂದರೆಗಳ ಜೊತೆ ಸೇರಿ, 2023ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಕೋರ್ಟಿನ ಮೊರೆ ಹೋಯಿತು. ಅಂಚಿನ ಒರಟು ಎಷ್ಟಿತ್ತೆಂದರೆ ಬೆರಳಿಗೂ ಸರಿಯಾಗಿ ಸಿಗದಷ್ಟು ಸಣ್ಣದು.

ಇನ್ನು ಕೈಯಲ್ಲಿ ಕೊರೆಯುವ ಮಾತು. ಸಾಮಾನ್ಯ ಡ್ರಿಲ್ ಬಿಟ್ಟು ತೂತನ್ನು ತನ್ನ ಅಳತೆಗಿಂತ ಸ್ವಲ್ಪ ದೊಡ್ಡದಾಗಿಯೇ ಹಾಕುತ್ತದೆ. ಎರಡು ಅಲಗಿನ ಬಿಟ್ಟಿಗೆ ತೆಳು ತಗಡಿನಲ್ಲಿ ಆತುಕೊಳ್ಳಲು ಆಧಾರ ಸಾಲದೆ ತೂತು ದುಂಡಗಾಗದೆ ಮೂರು ಮೂಲೆಯದಾಗುತ್ತದೆ. ಕಣ್ಣಿಗೆ ದುಂಡಗೇ ಕಂಡರೂ ಬೋಲ್ಟು ಹಾಕಿ ಅಲುಗಾಡಿಸಿದರೆ ಗೊತ್ತಾಗುತ್ತದೆ. ಅದಕ್ಕೇ ಬೋಲ್ಟಿನ ತೂತನ್ನು ಒಂದೇ ಏಟಿಗೆ ಹಾಕುವುದಿಲ್ಲ. ರೆಕ್ಕೆಯ ಬುಡದ ಉಕ್ಕಿನ ಪಟ್ಟಿಯಲ್ಲಿ ಕಾಲಿಂಚಿನ ತೂತು ಬೇಕಾದರೆ ಮೊದಲು ಗೆರೆ ಎಳೆದು ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆಯಬೇಕು. ಆಮೇಲೆ ಸಣ್ಣ ಬಿಟ್ಟಿನಿಂದ ಆರಂಭಿಸಿ ಹಂತಹಂತವಾಗಿ 15/64 ಇಂಚಿಗೆ, ಅಂದರೆ 5.95 ಮಿ.ಮೀ.ಗೆ ತಂದು ನಿಲ್ಲಿಸಬೇಕು. ಪಿಲ್ಲರ್ ಡ್ರಿಲ್ ನಿಧಾನ ತಿರುಗುತ್ತಿರಬೇಕು, ಕಟಿಂಗ್ ಆಯಿಲ್ ಬೀಳುತ್ತಿರಬೇಕು, ಪಟ್ಟಿಯನ್ನು ವೈಸಿನಲ್ಲಿ ಕಚ್ಚಿಸಿರಬೇಕು. ಉಕ್ಕಿನ ಸಿಪ್ಪೆ ಉದ್ದ ಸುರುಳಿಯಾಗಿ ಬರುತ್ತಿದ್ದರೆ ಬಿಟ್ಟಿಗೆ ಹರಿತವಿದೆ ಎಂದರ್ಥ. ಪುಡಿಪುಡಿಯಾಗಿ ಕಪ್ಪಾಗಿ ಬಂದರೆ, ಕಿರ್ರೆಂದು ಸದ್ದು ಮಾಡಿದರೆ, ಅಲ್ಲಿಗೆ ನಿಲ್ಲಿಸಿ ಬಿಟ್ಟು ಬದಲಿಸಬೇಕು. ಬಲ ಹಾಕಿ ಒತ್ತಿದರೆ ಬಿಸಿಗೆ ಉಕ್ಕೇ ಗಡಸಾಗಿ ಕೂತುಬಿಡುತ್ತದೆ.

ಉಳಿದ ಹದಿನೈದು ಸಾವಿರದಂಶ ಇಂಚನ್ನು ತೆಗೆಯುವುದು ರೀಮರ್. ಐದಾರು ಅಲಗಿರುವ ಈ ಉಪಕರಣ ಕೊರೆಯುವುದಿಲ್ಲ, ಗೋಡೆಯನ್ನು ತೆಳ್ಳಗೆ ಹೆರೆಯುತ್ತದೆ. ಇದನ್ನು ಕೈಯಲ್ಲೇ ತಿರುಗಿಸುವುದು ನೋಡಲು ಚೆಂದ. ಎರಡೂ ಕೈ ಸಮನಾಗಿ ಹಿಡಿ ತಿರುಗಿಸುತ್ತ ಹೋದಂತೆ ಮೊದಲು ತುಸು ತಡೆ ಸಿಗುತ್ತದೆ, ಆಮೇಲೆ ಒಂದೇ ಸಮನೆ ಮೆತ್ತಗೆ ಇಳಿಯುತ್ತದೆ. ಹೊರಗೆ ತೆಗೆಯುವಾಗಲೂ ಮುಂದಕ್ಕೇ ತಿರುಗಿಸುತ್ತ ಎತ್ತಬೇಕು. ಹಿಂದಕ್ಕೆ ತಿರುಗಿಸಿದರೆ ಸಿಪ್ಪೆ ಅಲಗಿನ ಬೆನ್ನಿಗೆ ಸಿಕ್ಕಿ ಈಗಷ್ಟೇ ನುಣುಪಾದ ಗೋಡೆಗೆ ಗೀರು ಬೀಳುತ್ತದೆ, ಅಲಗೂ ಮೊಂಡಾಗುತ್ತದೆ. ಕೊನೆಗೆ ತೂತಿನ ಎರಡೂ ಬಾಯಿಯಲ್ಲಿ ಎದ್ದ ಬರ್ ತೆಗೆದು ಬೋಲ್ಟು ಹಾಕಿ ನೋಡುವುದು. ತನ್ನ ಭಾರಕ್ಕೇ ಜಾರಿ ಕೆಳಗೆ ಬಿದ್ದರೆ ತೂತು ಸಡಿಲ. ಸುತ್ತಿಗೆಯಿಂದ ಬಡಿದು ಇಳಿಸಬೇಕಾದರೆ ಬಿಗಿ. ಹೆಬ್ಬೆರಳಿನಿಂದ ಒತ್ತಿದಾಗ, ಇಲ್ಲವೇ ಮೃದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಹೋಗಿ ಕೂತರೆ ಸರಿ.

ಮರದಲ್ಲಿ ಕಷ್ಟ ಬೇರೆ ಬಗೆಯದು. ಸ್ಪ್ರೂಸಿನ ಗಡಸು ಗೆರೆ, ಮೆತ್ತನೆ ಗೆರೆಗಳ ನಡುವೆ ಬಿಟ್ಟು ಮೆತ್ತನೆ ಕಡೆಗೇ ಸರಿಯುತ್ತದೆ. ಈ ಬದಿಯಲ್ಲಿ ಸರಿಯಾಗಿ ಹೊಕ್ಕದ್ದು ಆ ಬದಿಯಲ್ಲಿ ಬೇರೆ ಜಾಗದಲ್ಲಿ ಹೊರಬರುತ್ತದೆ. ಹಾಗಾಗಿ ಬಿಟ್ಟಿಗೆ ದಾರಿ ತೋರಿಸಲು ದಪ್ಪನೆ ಉಕ್ಕಿನ ಗೈಡು, ಹಿಂಬದಿ ಸೀಳದಂತೆ ಒತ್ತಿ ಹಿಡಿದ ಮರದ ತುಂಡು ಬೇಕು. ತೂತಿನೊಳಗೆ ನೀರಿನಂಶ ಹೋಗದಂತೆ ವಾರ್ನಿಷ್ ಬಳಿಯಬೇಕು, ಮರ ಜಜ್ಜಿಹೋಗದಂತೆ ಅಗಲ ವಾಷರ್ ಹಾಕಬೇಕು.

ಎರಡು ತುಂಡುಗಳನ್ನು ಬೇರೆಬೇರೆಯಾಗಿ ಕೊರೆದು ಆಮೇಲೆ ಹೊಂದಿಸುತ್ತೇನೆ ಎನ್ನುವುದು ಆಗದ ಮಾತು. ಜೋಡಿಸಿ, ಕ್ಲಾಂಪು ಹಾಕಿ, ಒಟ್ಟಿಗೆ ಕೊರೆಯಬೇಕು. ಮೊದಲ ತೂತು ಮುಗಿದ ಕೂಡಲೇ ಅದಕ್ಕೆ ಬೋಲ್ಟು ಹಾಕಿ ತುಂಡುಗಳನ್ನು ಅಲುಗದಂತೆ ಮಾಡಿ ಮುಂದಿನದಕ್ಕೆ ಹೋಗಬೇಕು. ನಾಲ್ಕು ಬೋಲ್ಟಿನ ಜೋಡಣೆಯಲ್ಲಿ ಒಂದು ತೂತು ಸಡಿಲವಿದ್ದರೆ ಆ ಬೋಲ್ಟು ಭಾರಕ್ಕೆ ಹೆಗಲು ಕೊಡುವುದೇ ಇಲ್ಲ; ಉಳಿದ ಮೂರರ ತೂತುಗಳು ಹಿಗ್ಗಿ ಉದ್ದಗಾದ ಮೇಲಷ್ಟೇ ಅದರ ಸರದಿ.

ತೂತು ಕೆಟ್ಟರೆ? ಅಂಚಿನ ಲೆಕ್ಕ ನೆನಪಾಗುವುದು ಆಗ. ತೂತಿನ ನಡುವಿನಿಂದ ಲೋಹದ ಅಂಚಿಗೆ ಬೋಲ್ಟಿನ ವ್ಯಾಸದ ಎರಡರಷ್ಟಾದರೂ ದೂರವಿರಬೇಕು. ಕಾಲಿಂಚಿನ ಬೋಲ್ಟಿಗೆ ಅರ್ಧ ಇಂಚು. ಕೆಟ್ಟ ತೂತನ್ನು ದೊಡ್ಡದು ಮಾಡಿ ಮುಂದಿನ ಅಳತೆಯ ಬೋಲ್ಟು ಹಾಕುತ್ತೇನೆ ಎಂದರೆ ಈಗ 5/8 ಇಂಚು ಬೇಕು. ಮೊದಲೇ ಅಷ್ಟು ಜಾಗ ಬಿಟ್ಟಿದ್ದರೆ ಉಳಿಯಿತು. ಅರವತ್ತನಾಲ್ಕನೇ ಒಂದು ಇಂಚು ಮಾತ್ರ ಹೆಚ್ಚು ದಪ್ಪವಿರುವ ರಿಪೇರಿ ಬೋಲ್ಟುಗಳೂ ಸಿಗುತ್ತವೆ, ಕೆಲವೊಮ್ಮೆ ಅವು ಕೈಹಿಡಿಯುತ್ತವೆ. ಎರಡೂ ಆಗದಿದ್ದರೆ ವಾರಗಟ್ಟಲೆ ಕೂತು ಮಾಡಿದ ಪಟ್ಟಿಯನ್ನು ಬದಿಗಿಟ್ಟು ಹೊಸದು ಮಾಡಬೇಕು. ಹಾಗೆ ಬದಿಗಿಟ್ಟ ತುಂಡುಗಳು ಗೋಡೆಯ ಮೊಳೆಗೆ ನೇತಾಡುತ್ತಿರುವ ಗ್ಯಾರೇಜೆಂದರೆ ನನಗೆ ಗೌರವ ಹೆಚ್ಚು. ಅಲ್ಲಿ ಕಟ್ಟುತ್ತಿರುವ ವಿಮಾನದಲ್ಲಿ ಕೂರಲು ಧೈರ್ಯ ಬರುತ್ತದೆ.

ಬೋಲ್ಟಿನ ತಲೆಗೂ ಡ್ರಿಲ್

ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವುದೇ ಒಂದು ಶಾಸ್ತ್ರ. ಅಲುಗಾಡದ ಜೋಡಣೆಗೆ ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟು ಸಾಕು, ಬೋಲ್ಟಿನ ತುದಿ ನೈಲಾನ್ ದಾಟಿ ಒಂದು ಥ್ರೆಡ್ಡಾದರೂ ಹೊರಗೆ ಕಾಣಬೇಕು. ಎಂಜಿನ್ ಇರುವ ಕಡೆ ಅದು ಆಗದು. 121 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೈಲಾನ್ ಹಿಡಿತ ಬಿಡುತ್ತದೆ, ಅಲ್ಲಿಗೆ ಪೂರ್ತಿ ಲೋಹದ ಲಾಕ್ ನಟ್ಟು. ಇನ್ನು ಬೋಲ್ಟೇ ಕೀಲಾಗಿ ಕೆಲಸ ಮಾಡುವ ಜಾಗ, ಉದಾಹರಣೆಗೆ ಚುಕ್ಕಾಣಿಯ ತಂತಿ ಸೇರುವಲ್ಲಿ, ತಿರುಗಾಟಕ್ಕೆ ನಟ್ಟು ಬಿಚ್ಚಿಕೊಳ್ಳುವ ಭಯವಿದೆ. ಅಲ್ಲಿ ಕ್ಯಾಸಲ್ ನಟ್ಟು, ಅದರ ಸಂದಿನ ಮೂಲಕ ಬೋಲ್ಟಿನ ತೂತಿಗೆ ಸ್ಪ್ಲಿಟ್ ಪಿನ್. ಇದರಲ್ಲಿ ರಾಜಿಯೇ ಇಲ್ಲ.

ನಟ್ಟೇ ಇಲ್ಲದೆ ನೇರವಾಗಿ ಲೋಹದ ಥ್ರೆಡ್ಡಿಗೆ ಹೋಗುವ ಬೋಲ್ಟುಗಳೂ ಇವೆ, ಪ್ರೊಪೆಲ್ಲರಿನವು ಹಲವು ಹಾಗಿರುತ್ತವೆ. ಅವುಗಳ ತಲೆಯಲ್ಲಿ ತೂತಿದ್ದು, ಅಲ್ಲಿಂದ ಉಕ್ಕಿನ ತಂತಿ ಹಾಯಿಸಿ ಪಕ್ಕದ ಬೋಲ್ಟಿಗೆ ಬಿಗಿಯುತ್ತಾರೆ. ತೂತಿರುವ ಬೋಲ್ಟನ್ನೇ ಕೊಳ್ಳುವುದು ಒಳ್ಳೆಯದು. ಬೇಕಾದ ಅಳತೆಯಲ್ಲಿ ಸಿಗದಿದ್ದರೆ ಕಟ್ಟುವವನೇ ತಲೆಗೆ ಡ್ರಿಲ್ ಹೊಡೆಯಬೇಕಾಗುತ್ತದೆ. ಹದಿನಾರನೇ ಒಂದು ಇಂಚಿನ ಕಡ್ಡಿಯಂಥ ಬಿಟ್ಟು, ಓರೆಯಾಗಿರುವ ಮುಖ, ಗಟ್ಟಿ ಉಕ್ಕು: ಬಿಟ್ಟು ಜಾರುತ್ತದೆ, ಬಾಗುತ್ತದೆ, ಮುರಿದು ಒಳಗೇ ಉಳಿಯುತ್ತದೆ. ಬೋಲ್ಟಿನ ತಲೆ ಅಲುಗದಂತೆ ಕೂರುವ ಗುಳಿ, ಬಿಟ್ಟಿಗೆ ದಾರಿ ತೋರುವ ಸಣ್ಣ ತೂತು, ಇವೆರಡೂ ಇರುವ ಉಕ್ಕಿನ ಜಿಗ್ ಒಂದನ್ನು ಮೊದಲು ಮಾಡಿಕೊಂಡವರಿಗೆ ಕೆಲಸ ಸಲೀಸು. ಕೊರೆದ ಮೇಲೆ ತೂತಿನ ಬಾಯನ್ನು ಸ್ವಲ್ಪ ಸವರಬೇಕು, ಇಲ್ಲದಿದ್ದರೆ ಆ ಅಂಚೇ ತಂತಿಯನ್ನು ಕತ್ತರಿಸುತ್ತದೆ. ಸಾಮಾನ್ಯವಾಗಿ ಹಾಕುವ 0.032 ಇಂಚಿನ ಸ್ಟೇನ್‌ಲೆಸ್ ತಂತಿಯನ್ನು ಇಂಚಿಗೆ ಆರರಿಂದ ಎಂಟು ಸುತ್ತು ಹೆಣೆದು, ಬೋಲ್ಟು ಸಡಿಲವಾಗಲು ಹೊರಟರೆ ತಂತಿ ಅದನ್ನು ಬಿಗಿಯ ಕಡೆಗೇ ಎಳೆಯುವಂತೆ ಹಾಯಿಸಬೇಕು. ದಿಕ್ಕು ತಪ್ಪಿದರೆ ಹೆಣಿಗೆ ಎಷ್ಟು ಅಂದವಾಗಿದ್ದರೂ ದಂಡ.

ಬಿಗಿಯ ವಿಷಯದಲ್ಲಿ ಕೈಯ ಅಂದಾಜನ್ನು ನಂಬುವಂತಿಲ್ಲ. ಅತಿ ಸಣ್ಣ ಎಎನ್3 ಬೋಲ್ಟಿಗೆ ಹೇಳಿರುವ ಬಿಗಿ 20ರಿಂದ 25 ಇಂಚು-ಪೌಂಡ್ ಮಾತ್ರ. ಹತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಮೂರು ಕಿಲೊಗಿಂತ ಕಡಿಮೆ ಒತ್ತಡ. ಕಾರು, ಟ್ರ್ಯಾಕ್ಟರಿನ ಕೆಲಸಕ್ಕೆ ಪಳಗಿದ ಕೈಗೆ ಇದು ಇನ್ನೂ ಬಿಗಿಯಾಗಿಲ್ಲ ಅನ್ನಿಸುತ್ತದೆ. 'ಇನ್ನೊಂಚೂರು' ಎಂದು ಎಳೆದರೆ ಬೋಲ್ಟು ಹಿಗ್ಗಿರುತ್ತದೆ. ಎಎನ್4ಕ್ಕೆ 50ರಿಂದ 70. ಚಿಕ್ಕ ಅಳತೆಯ ಟಾರ್ಕ್ ರೆಂಚ್ ಬೇಕು. ನೈಲಾಕ್ ನಟ್ಟು ಸುಮ್ಮನೆ ತಿರುಗುವುದಕ್ಕೇ ಹಿಡಿಯುವ ಬಲವನ್ನು ಮೊದಲು ಅಳೆದು, ಅದನ್ನು ಈ ಲೆಕ್ಕಕ್ಕೆ ಕೂಡಿಸಬೇಕು. ತಲೆಯನ್ನು ಹಿಡಿದು ನಟ್ಟನ್ನು ತಿರುಗಿಸಬೇಕು, ಬೋಲ್ಟನ್ನೇ ತಿರುಗಿಸಿದರೆ ಕಷ್ಟಪಟ್ಟು ನುಣುಪು ಮಾಡಿದ ತೂತು ಸವೆಯುತ್ತದೆ. ಬಿಗಿ ಮುಗಿದ ಮೇಲೆ ನಟ್ಟಿನಿಂದ ಲೋಹದ ಮೇಲಕ್ಕೆ ಅಡ್ಡಲಾಗಿ ಬಣ್ಣದ ಒಂದು ಗೆರೆ. ಮುಂದೆ ಆ ಗೆರೆ ಮುರಿದು ಕಂಡರೆ ನಟ್ಟು ಅಲುಗಿದೆ ಎಂದು ದೂರದಿಂದಲೇ ತಿಳಿಯುತ್ತದೆ.

ಅಮೆರಿಕದಲ್ಲಿ ರೆಕ್ಕೆಯ ಹೊದಿಕೆ ಮುಚ್ಚುವ ಮೊದಲು ಅನುಭವಿಗಳನ್ನು ಕರೆದು ತೋರಿಸುವ ಪದ್ಧತಿ ಇದೆ. ಪೊಬೆರೆಜ್ನಿ ಕಟ್ಟಿದ ಸಂಸ್ಥೆಯ ತಾಂತ್ರಿಕ ಸಲಹೆಗಾರರು ಸ್ವಯಂಪ್ರೇರಿತರಾಗಿ ಬಂದು ಟಾರ್ಚು, ಕನ್ನಡಿ ಹಿಡಿದು ಒಂದೊಂದೇ ಬೋಲ್ಟು ನೋಡುತ್ತಾರೆ. ತಾನೇ ಕೊರೆದ ತೂತನ್ನು ತಾನೇ ತಪಾಸಣೆ ಮಾಡಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ನಮ್ಮಲ್ಲಿ ಅಂಥ ಬಳಗ ಇನ್ನೂ ಸಣ್ಣದು. ಹಾಗಾಗಿ ನಮ್ಮ ಹವ್ಯಾಸಿಗಳು ವಿಮಾನದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಫಿಟ್ಟರುಗಳನ್ನು ಹುಡುಕಿಕೊಂಡು ಹೋಗಬೇಕು. ಎಚ್ಎಎಲ್ ಇರುವ ಬೆಂಗಳೂರಿನಲ್ಲಿ ಅಂಥವರಿಗೆ ಕೊರತೆಯಿಲ್ಲ. ರೀಮರ್ ಹಿಡಿದೇ ಆಯುಷ್ಯ ಕಳೆದ ಆ ಕೈಗಳಿಗೆ ಗೊತ್ತಿರುವುದು ಯಾವ ಕೈಪಿಡಿಯಲ್ಲೂ ಪೂರ್ತಿ ಇಲ್ಲ.

ಕಟ್ಟಿ ಮುಗಿಸಿದ ವಿಮಾನಕ್ಕೆ ಅಮೆರಿಕದಲ್ಲಿ ಮೊದಲು 25 ಅಥವಾ 40 ಗಂಟೆ ಪರೀಕ್ಷಾ ಹಾರಾಟದ ಅವಧಿ ಇರುತ್ತದೆ. ಗೊತ್ತುಪಡಿಸಿದ ಪ್ರದೇಶ ಬಿಟ್ಟು ಹೋಗುವಂತಿಲ್ಲ, ಸುಮ್ಮನೆ ಜೊತೆಗೆ ಬರುವವರನ್ನು ಕೂರಿಸಿಕೊಳ್ಳುವಂತಿಲ್ಲ. ಈ ಅವಧಿಯ ಮೊದಲ ಕೆಲವು ಗಂಟೆಗಳಲ್ಲೇ ಮರ ಒಣಗಿ ಕುಗ್ಗುತ್ತದೆ, ವಾಷರಿನ ಕೆಳಗಿನ ಬಣ್ಣ ಅದುಮಿಕೊಳ್ಳುತ್ತದೆ, ಬಿಗಿ ಇಳಿಯುತ್ತದೆ. ಹಾಗಾಗಿ ಮರದ ಪ್ರೊಪೆಲ್ಲರಿನ ತಂತಿ ಕತ್ತರಿಸಿ, ರೆಕ್ಕೆಯ ಬುಡದ ಮುಚ್ಚಳ ಬಿಚ್ಚಿ, ಟಾರ್ಕ್ ರೆಂಚ್ ಹಿಡಿದು ಎಲ್ಲ ಬೋಲ್ಟುಗಳನ್ನೂ ಇನ್ನೊಂದು ಸುತ್ತು ಪರೀಕ್ಷಿಸುತ್ತಾರೆ. ತೆಗೆದ ಸ್ಪ್ಲಿಟ್ ಪಿನ್ನನ್ನೂ ಹಳೆಯ ತಂತಿಯನ್ನೂ ಮತ್ತೆ ಬಳಸುವುದಿಲ್ಲ. ಹೊಸದನ್ನೇ ಹಾಕಿ ದಿನಾಂಕದ ಸಮೇತ ಲಾಗ್ ಪುಸ್ತಕದಲ್ಲಿ ಬರೆದಿಡುತ್ತಾರೆ.